ಸರ್ವೆಗೆ ಬಾಗಿಲು ಯಾಕೆ ಮುಚ್ಚುತ್ತದೆ: ಆರೋಗ್ಯ ಅಧ್ಯಯನ ನಡೆಸುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ದೀರ್ಘಾವಧಿ ಆರೋಗ್ಯ ಅಧ್ಯಯನಗಳಿಗೆ ಹಣ ಕೊಡುವ ಸಂಸ್ಥೆಗಳ ಮುಖ್ಯಸ್ಥರು, ಅವಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳ ಸದಸ್ಯರು, ಅವನ್ನು ನಡೆಸುವ ಡಾಕ್ಟರುಗಳು ಮತ್ತು ಪ್ರೊಫೆಸರುಗಳು.

ವಿಷಯ: ಎರಡನೇ, ಮೂರನೇ ಸುತ್ತಿನಲ್ಲಿ ಜನ ಉತ್ತರ ಕೊಡುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ಮಂಡ್ಯ, ಮೈಸೂರಿನ ಕಡೆ ಮನೆ ಮನೆಗೆ ಹೋಗಿ ಆರೋಗ್ಯ ಅಧ್ಯಯನಗಳ ಫಾರ್ಮ್ ತುಂಬಿಸುವ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಇಂಥ ಅಧ್ಯಯನದಲ್ಲಿ ಅದೇ ಜನರ ಹತ್ತಿರ ಮತ್ತೆ ಮತ್ತೆ ಹೋಗುತ್ತೇವೆ, ಒಂದೊಂದು ಸಲಕ್ಕೆ ಒಂದು ‘ಸುತ್ತು’ ಅನ್ನುತ್ತೇವೆ. ನಿಮ್ಮ ವರದಿಗಳಲ್ಲಿ ನಾವು ಫೀಲ್ಡ್ ಇನ್ವೆಸ್ಟಿಗೇಟರ್‌ಗಳು. ಊರಿನವರಿಗೆ ‘ಸರ್ವೆ ಮೇಡಂ’. ಒಂದು ಸುತ್ತು ಮುಗಿದ ಮೇಲೆ ನಡೆಯುವ ಮೀಟಿಂಗ್‌ನಲ್ಲಿ ಒಂದು ಸ್ಲೈಡ್ ಬಂದೇ ಬರುತ್ತದೆ. ಮೊದಲ ಸುತ್ತಿಗೆ ಇಷ್ಟು ಜನ, ಮೂರನೇ ಸುತ್ತಿಗೆ ಇಷ್ಟೇ ಜನ. ಕೆಳಗೆ ಕಾರಣಗಳು: ಮನೆಗೆ ಬೀಗ, ಊರು ಬಿಟ್ಟಿದ್ದಾರೆ, ಒಪ್ಪಲಿಲ್ಲ, ತೀರಿಕೊಂಡಿದ್ದಾರೆ. ಆಮೇಲೆ ಯಾರಾದರೂ ಒಬ್ಬರು ‘ಜನರಿಗೆ ಆಸಕ್ತಿ ಕಮ್ಮಿ, ಅವೇರ್‌ನೆಸ್ ಮೂಡಿಸಬೇಕು’ ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಅಷ್ಟೊತ್ತಿಗೆ ಕಾಫಿ ಬರುತ್ತದೆ.

ಜನರಿಗೆ ಆಸಕ್ತಿ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಕೇಳಬೇಕಾಗಿದ್ದ ಹೆಂಗಸರಲ್ಲಿ ನೂರಕ್ಕೆ 97 ಜನ ಉತ್ತರ ಕೊಟ್ಟರು. ಗಂಡಸರಲ್ಲಿ 92. ಅತ್ತ ಬ್ರಿಟನ್ನಿನಲ್ಲಿ ಜನರ ಆರೋಗ್ಯವನ್ನು ವರ್ಷಗಟ್ಟಲೆ ನೋಡುವ ಯುಕೆ ಬಯೋಬ್ಯಾಂಕ್ ಅನ್ನುವ ಅಧ್ಯಯನದವರು ಸುಮಾರು 92 ಲಕ್ಷ ಜನರಿಗೆ ಪತ್ರ ಬರೆದು ಕರೆದರು. ಬಂದವರು 5 ಲಕ್ಷ, ಅಂದರೆ ನೂರಕ್ಕೆ ಐದೂವರೆ. ಎರಡೂ ಬೇರೆ ಬೇರೆ ಥರದ ಕೆಲಸ, ನಿಜ. ಒಂದರಲ್ಲಿ ನಾವು ಅವರ ಮನೆಗೆ ಹೋಗುತ್ತೇವೆ, ಇನ್ನೊಂದರಲ್ಲಿ ಅವರು ಸೆಂಟರಿಗೆ ಬರಬೇಕು. ಆದರೂ ಇಷ್ಟು ಹೇಳಬಹುದು: ನಮ್ಮ ಜನ ಮೊದಲ ಸಲ ಬಾಗಿಲು ತೆಗೆಯುತ್ತಾರೆ. ಚಾಪೆ ಹಾಸುತ್ತಾರೆ, ಕಾಫಿ ಕೊಡುತ್ತಾರೆ, ಪಕ್ಕದ ಮನೆಯವರನ್ನೂ ಕರೆದು ಕೂರಿಸುತ್ತಾರೆ. ತೊಂದರೆ ಶುರುವಾಗುವುದು ಎರಡನೇ ಸಲ, ಮೂರನೇ ಸಲ. ಅಂದರೆ ನಡುವೆ ನಾವೇ ಏನೋ ಮಾಡಿರುತ್ತೇವೆ, ಅಥವಾ ಮಾಡಬೇಕಾದ್ದನ್ನು ಬಿಟ್ಟಿರುತ್ತೇವೆ.

ಹತ್ತು, ಇಪ್ಪತ್ತು ವರ್ಷ ನಡೆಯುವ ಅಧ್ಯಯನದಲ್ಲಿ ಉತ್ತರ ಸಿಗುವುದು ಬಾಗಿಲಿಗೆ ಬರುವ ಮನುಷ್ಯರ ಮೇಲಿನ ನಂಬಿಕೆಯಿಂದ. ಆ ನಂಬಿಕೆಗೆ ನಿಮ್ಮ ಬಜೆಟ್‌ನಲ್ಲಿ ಒಂದು ಸಾಲೂ ಇಲ್ಲ. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಇದನ್ನೇ.

ಸಿಗದೇ ಹೋದವರನ್ನು ಬಿಟ್ಟು ಲೆಕ್ಕ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಫೀಲ್ಡ್‌ನಿಂದ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಬಿಟ್ಟು ಹೋಗುವವರು ಚೀಟಿ ಎತ್ತಿದ ಹಾಗೆ ಯಾರೋ ಒಬ್ಬರು ಆಗಿರುವುದಿಲ್ಲ. ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸ್ ಬಸ್ ಹತ್ತುವ ಹೆಂಗಸು ಬಿಟ್ಟುಹೋಗುತ್ತಾಳೆ. ಕಬ್ಬು ಕಡಿಯಲು ಹೋದ ಗಂಡಸು ಬಿಟ್ಟುಹೋಗುತ್ತಾನೆ. ಕುಡಿತ ಜಾಸ್ತಿ ಆದವರು, ಕಾಯಿಲೆ ಬಿದ್ದು ಮಗಳ ಮನೆ ಸೇರಿದ ಅಜ್ಜಿ, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು, ಇವರೆಲ್ಲ ಬಿಟ್ಟುಹೋಗುತ್ತಾರೆ. ಉಳಿಯುವವರು ಸ್ವಂತ ಮನೆ ಇದ್ದವರು, ಮಧ್ಯಾಹ್ನ ಮನೆಯಲ್ಲಿ ಇರುವವರು, ಸ್ವಲ್ಪ ಓದಿದವರು. ಉಳಿದವರ ಆರೋಗ್ಯ ನೋಡಿ ‘ಈ ಊರಿನ ಆರೋಗ್ಯ ಹೀಗಿದೆ’ ಅಂತ ನೀವು ಬರೆಯುತ್ತೀರಿ. ಕಂಪ್ಯೂಟರ್‌ನಲ್ಲಿ ಅದನ್ನು ಸರಿದೂಗಿಸುವ ವಿಧಾನಗಳಿವೆ ಅಂತ ನಿಮ್ಮ ಸ್ಟಾಟಿಸ್ಟಿಕ್ಸ್‌ನವರು ಹೇಳುವುದನ್ನು ಕೇಳಿದ್ದೇನೆ. ಬಿಟ್ಟುಹೋದವರ ಬಗ್ಗೆ ಏನಾದರೂ ಗೊತ್ತಿದ್ದರೆ ತಾನೇ ಸರಿದೂಗಿಸುವುದು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಒಂದು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ದಾಟಿದ ಹತ್ತು ಸಾವಿರ ಹಳ್ಳಿ ಜನರ ಮೆದುಳಿನ ಆರೋಗ್ಯವನ್ನು ವರ್ಷಾನುವರ್ಷ ನೋಡುವ ಗುರಿ ಅದಕ್ಕಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅಂಥ ಕೆಲಸದ ಕಷ್ಟ ಎಲ್ಲಿದೆ ನೋಡಿ. ಮರೆವು ಶುರುವಾದವರೇ ಮುಂದಿನ ಸುತ್ತಿಗೆ ಬರದೆ ಹೋದರೆ ಮರೆವಿನ ಅಧ್ಯಯನದಲ್ಲಿ ಉಳಿಯುವುದು ಏನು? ಅವರನ್ನು ಕರೆತರುವುದು ಫಾರ್ಮ್ ಅಲ್ಲ. ಸೊಸೆಯ ಪರಿಚಯ ಇರುವ, ಅಜ್ಜನ ಸಿಟ್ಟು ಗೊತ್ತಿರುವ ಯಾರೋ ಒಬ್ಬರು ಕರೆತರಬೇಕು.

ಮೈಸೂರಿನ ಮಾತನ್ನೂ ಹೇಳಲೇಬೇಕು. ನಾನು ಅಲ್ಲಿ ಕೆಲಸ ಮಾಡಿದವಳಲ್ಲ, ಆದರೂ ನಮ್ಮ ಕಡೆಯ ಹೆಮ್ಮೆ ಅದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಹಳೇ ಪುಸ್ತಕಗಳನ್ನು ಹಿಡಿದು ಮನೆ ಮನೆ ಸುತ್ತಿ ಅಲ್ಲಿ ಹುಟ್ಟಿದವರನ್ನು ಹುಡುಕಿದರು. ಹುಟ್ಟಿದ ದಿನ ಮಗುವಿಗೆ ಹೆಸರೇ ಇರುವುದಿಲ್ಲ. ಅಂಥವರನ್ನು ನಲವತ್ತು, ಐವತ್ತು ವರ್ಷದ ಮೇಲೆ ಹುಡುಕುವುದು ಅಂದರೆ ಸುಮ್ನೆ ಮಾತಲ್ಲ. 1996ರಲ್ಲಿ ಪ್ರಕಟವಾದ ಒಂದು ವರದಿಗೆ 517 ಜನ ಸಿಕ್ಕಿದ್ದರು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಕಡಿಮೆ ತೂಕ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. ಮೂರು ಕೆಜಿ ಮೀರಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಜನಕ್ಕೆ ಮಾತ್ರ. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಕಥೆ ಐವತ್ತನೇ ವಯಸ್ಸಿನ ಎದೆಯಲ್ಲಿ ಕಾಣಿಸಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರಿಂದ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ ಆರು ಜನಕ್ಕೆ ಬಸುರಿನ ಸಕ್ಕರೆ ಕಾಯಿಲೆ ಇತ್ತು, ನೂರಕ್ಕೆ 43 ಜನಕ್ಕೆ ವಿಟಮಿನ್ ಬಿ12 ಕೊರತೆ ಇತ್ತು ಅಂತ ಗೊತ್ತಾಗಿದ್ದು ಅಲ್ಲಿಂದಲೇ. ಅವರಿಗೆ ಹುಟ್ಟಿದ ಮಕ್ಕಳು ಈಗ ಇಪ್ಪತ್ತೈದು ದಾಟಿದ್ದಾರೆ. ವರ್ಷ ವರ್ಷ ಅವರನ್ನು ಕರೆದು ಅಳೆದು ನೋಡಿದ ಮೇಲೆಯೇ ಆ ಸಕ್ಕರೆ ಕಾಯಿಲೆ ಮಕ್ಕಳ ಮೈಯಲ್ಲಿ ಏನು ಮಾಡುತ್ತದೆ ಅನ್ನುವುದು ತಿಳಿಯಿತು. ಇದೆಲ್ಲ ಒಂದೇ ಸಲದ ಸರ್ವೆಯಿಂದ ಸಿಗುವಂಥದ್ದಲ್ಲ.

ಈಗ ಬಾಗಿಲ ಹತ್ತಿರ ಬನ್ನಿ.

ನಮ್ಮ ಫಾರ್ಮ್‌ಗಳಲ್ಲಿ ಹೆಸರು, ವಯಸ್ಸು ಆದ ಕೂಡಲೇ ಬರುವುದು ಏನು ಗೊತ್ತಾ? ಮನೆಯಲ್ಲಿ ಫ್ರಿಡ್ಜ್ ಇದೆಯಾ, ಟೂ ವೀಲರ್ ಇದೆಯಾ, ಕಾರು ಇದೆಯಾ, ಜಮೀನು ಎಷ್ಟು, ತಿಂಗಳ ಆದಾಯ ಎಷ್ಟು. ಆರ್ಥಿಕ ಸ್ಥಿತಿಯ ಸ್ಕೋರ್ ಹಾಕಲು ನಿಮಗೆ ಅದು ಬೇಕು, ಸರಿ. ಆದರೆ ಕೇಳಿಸಿಕೊಳ್ಳುವವರ ಕಿವಿಗೆ ಅದು ಬೇರೆಯೇ ಥರ ಬೀಳುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾಗುವ ಗಲಾಟೆ ನಡೆಯಿತಲ್ಲ, ಅದಾದ ಮೇಲಂತೂ ಈ ಪ್ರಶ್ನೆ ಕೇಳಿದ ತಕ್ಷಣ ಮುಖ ಬಿಗಿಯುತ್ತದೆ. ಒಳಗೆ ಫ್ರಿಡ್ಜ್ ಗುಂಯ್‌ಗುಡುವುದು ನನಗೆ ಕೇಳುತ್ತಿರುತ್ತದೆ. ಯಜಮಾನರು ‘ಇಲ್ಲ’ ಅನ್ನುತ್ತಾರೆ. ನಾನು ‘ಇಲ್ಲ’ ಅಂತಲೇ ಒತ್ತುತ್ತೇನೆ. ಅಲ್ಲಿಂದ ಮುಂದೆ ಅವರು ಹೇಳುವ ಬೀಡಿ, ಬಿಪಿ, ಮಾತ್ರೆ ಎಲ್ಲದರಲ್ಲೂ ಆ ‘ಇಲ್ಲ’ ಸೇರಿಕೊಂಡಿರುತ್ತದೆ. ಈ ಪ್ರಶ್ನೆಗಳನ್ನು ಕೊನೆಗೆ ಹಾಕಿ ಅಂತ ಎಷ್ಟು ಸಲ ಹೇಳಿದರೂ ‘ಫಾರ್ಮ್ಯಾಟ್ ಅಪ್ರೂವ್ ಆಗಿದೆ’ ಅನ್ನುವ ಉತ್ತರವೇ ಬರುತ್ತದೆ.

ಬ್ಯಾಗ್ ಹಾಕಿಕೊಂಡು ಟ್ಯಾಬ್ ಹಿಡಿದು ಬಂದವರು ಯಾರು ಅನ್ನುವ ಅನುಮಾನವೂ ಸಣ್ಣದಲ್ಲ. ಮೈಕ್ರೋಫೈನಾನ್ಸ್‌ನವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಮಯದಲ್ಲಿ ನಮ್ಮಂಥವರನ್ನು ಕಂಡರೆ ಹಿಂದಿನ ಬಾಗಿಲಿಂದ ಹೋಗಿಬಿಡುತ್ತಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 60 ಪ್ರಶ್ನೆಗಳ ಜಾತಿ ಸಮೀಕ್ಷೆ ಬಂತು, ಮನೆ ಮನೆಗೆ ಸ್ಟಿಕ್ಕರ್ ಅಂಟಿತು, ಉತ್ತರ ಕೊಡಲೇಬೇಕೆಂಬ ಬಲವಂತ ಇಲ್ಲ ಅಂತ ಹೈಕೋರ್ಟ್ ಹೇಳಬೇಕಾಯಿತು. ಆಮೇಲೆ ಹೋದ ನಮಗೆ ಜನ ಕೇಳುವುದು ಒಂದೇ: ‘ಮೊನ್ನೆ ಮೇಷ್ಟ್ರು ಬಂದು ಎಲ್ಲಾ ಬರ್ಕೊಂಡು ಹೋದ್ರಲ್ಲ, ಮತ್ತೆ ನೀವ್ಯಾರು?’ ಎಲ್ಲ ಸಮೀಕ್ಷೆಯೂ ಅವರಿಗೆ ಒಂದೇ. ನಾವು ಬೇರೆ ಅಂತ ತೋರಿಸಬೇಕಾದರೆ ಕುತ್ತಿಗೆಗೆ ನೇತುಹಾಕಿದ ಐಡಿ ಕಾರ್ಡ್ ಸಾಲುವುದಿಲ್ಲ. ಹೋದ ಸಲ ಬಂದ ಮುಖವೇ ಈ ಸಲವೂ ಬಂದರೆ ಸಾಕು. ಅಷ್ಟೇ ಸಾಕು.

ಫಾರ್ಮ್ ಉದ್ದದ ಬಗ್ಗೆ ಒಂದು ಮಾತು. ಊಟದ ಪ್ರಶ್ನೆಗಳನ್ನೇ ತಗೊಳ್ಳಿ. ಕಳೆದ ಒಂದು ವರ್ಷದಲ್ಲಿ ಅವರೆಕಾಳು ಎಷ್ಟು ಸಲ ತಿಂದಿರಿ? ದಿನಕ್ಕೆ, ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ, ಯಾವುದಾದರೂ ಒಂದು ಖಾನೆ ತುಂಬಬೇಕು. ‘ಸೊಗಡು ಅವರೆ ಕಾಲದಲ್ಲಿ ದಿನಾ ಅದೇಯ ಕಣವ್ವ, ಆಮೇಲೆ ಯಾರು ಕೇಳ್ತಾರೆ’ ಅನ್ನುತ್ತಾರೆ. ಸರಿಯಾದ ಉತ್ತರವೇ ಅದು, ಆದರೆ ಅದಕ್ಕೆ ಖಾನೆ ಇಲ್ಲ. ಮುದ್ದೆಗೆ ಅಳತೆ ಕೇಳುತ್ತೇವೆ. ಗಂಡನ ಮುದ್ದೆ ಬೇರೆ, ಅವರ ಮುದ್ದೆ ಬೇರೆ, ಅತ್ತೆಯ ಮುದ್ದೆ ಬೇರೆ. ಎಣ್ಣೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಅಂತ ಕೇಳಿ ಮನೆ ಮಂದಿಗೆ ಹಂಚುತ್ತೇವೆ, ಹಬ್ಬದಲ್ಲಿ ಕರಿದ ಕಜ್ಜಾಯ ಯಾರ ಲೆಕ್ಕಕ್ಕೆ ಹೋಯಿತೋ ದೇವರಿಗೇ ಗೊತ್ತು. ಇಷ್ಟು ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಹತ್ತಿರ ಬಂದಿರುತ್ತದೆ. ಹಸು ಕೂಗುತ್ತಿರುತ್ತದೆ. ಉಳಿದ ಪ್ರಶ್ನೆಗಳಿಗೆ ‘ಹೂಂ, ಹೂಂ, ಬರ್ಕೊಳ್ಳಿ’ ಅಂತ ಉತ್ತರ ಬರುತ್ತದೆ. ಅದೂ ನಿಮ್ಮ ಲೆಕ್ಕದಲ್ಲಿ ಪೂರ್ತಿ ತುಂಬಿದ ಫಾರ್ಮ್!

1951ರಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅನ್ನುವ ಇಬ್ಬರು ಸಂಶೋಧಕರು ಬ್ರಿಟನ್ನಿನ ಡಾಕ್ಟರುಗಳಿಗೆಲ್ಲ ಸಿಗರೇಟಿನ ಬಗ್ಗೆ ಒಂದು ಫಾರ್ಮ್ ಅಂಚೆಯಲ್ಲಿ ಕಳಿಸಿದರು. ಪ್ರಶ್ನೆಗಳು ಬೆರಳೆಣಿಕೆ: ಈಗ ಸೇದುತ್ತೀರಾ, ಮೊದಲು ಸೇದುತ್ತಿದ್ದಿರಾ, ಎಷ್ಟು ಸೇದುತ್ತೀರಿ. ಸುಮಾರು ಮೂರರಲ್ಲಿ ಎರಡು ಪಾಲು ಜನ ಉತ್ತರಿಸಿದರು. ಗಂಡಸರೇ 34,439. ಅವರನ್ನು ಐವತ್ತು ವರ್ಷ ಹಿಂಬಾಲಿಸಿದರು, ನಡುನಡುವೆ ಮತ್ತೆ ಕೇಳಿದಾಗಲೂ ಬದುಕಿದ್ದವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಉತ್ತರ ಕೊಟ್ಟರು. ಸಿಗರೇಟು ಜೀವ ತೆಗೆಯುತ್ತದೆ ಅಂತ ಜಗತ್ತು ಒಪ್ಪಿದ್ದರಲ್ಲಿ ಆ ಪುಟ್ಟ ಫಾರ್ಮ್‌ನ ಪಾಲು ದೊಡ್ಡದು. ನೀವು ಹೇಳಬಹುದು, ಅವರು ಡಾಕ್ಟರುಗಳು, ಓದು ಬರಹ ಬಲ್ಲವರು ಅಂತ. ಹೌದು. ಹಾಗಾದರೆ ಓದು ಬರಹ ಬಾರದವರಿಗೆ ಫಾರ್ಮ್ ಇನ್ನೂ ಚಿಕ್ಕದಿರಬೇಕಲ್ಲವೇ? ನಮ್ಮಲ್ಲಿ ಉಲ್ಟಾ. ಒಂದು ಮನೆಗೆ ಹೇಗೂ ಹೋಗುತ್ತೀರಲ್ಲ, ಇದನ್ನೂ ಕೇಳಿಬಿಡಿ ಅಂತ ಪ್ರತಿ ಪ್ರೊಫೆಸರೂ ಒಂದೊಂದು ಪುಟ ಸೇರಿಸುತ್ತಾರೆ.

ಆದರೆ ಉದ್ದ ಫಾರ್ಮನ್ನೂ ಜನ ಸಹಿಸಿಕೊಳ್ಳುತ್ತಾರೆ. ಸಹಿಸದಿರುವುದು ಇನ್ನೊಂದನ್ನು.

ನಾನು ಕೆಲಸ ಮಾಡಿದ ಒಂದು ಅಧ್ಯಯನದಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆಸಿ ರಕ್ತ ತೆಗೆಯುತ್ತಿದ್ದರು. ಐದಾರು ಟ್ಯೂಬ್. ನಮ್ಮ ಹೆಂಗಸರಿಗೆ ರಕ್ತ ಅಂದರೆ ಎಷ್ಟು ಅಮೂಲ್ಯ ಅಂತ ನಿಮಗೆ ಗೊತ್ತು, ಹಿಮೋಗ್ಲೋಬಿನ್ ಒಂಬತ್ತು ಇರುವವರಿಗೆ ಅಷ್ಟು ರಕ್ತ ಕೊಡುವುದು ಅಂದರೆ ಜೀವವೇ ಕೊಟ್ಟ ಹಾಗೆ. ‘ರಿಪೋರ್ಟ್ ಕೊಡ್ತೀವಿ’ ಅಂತ ನಾವು ಹೇಳಿದ್ದೆವು. ತಿಂಗಳುಗಳಾದವು. ಬರಲಿಲ್ಲ. ಕೊನೆಗೆ ಬಂದಾಗ ಇಂಗ್ಲಿಷಿನಲ್ಲಿ ಒಂದು ಹಾಳೆ, ಪಕ್ಕದಲ್ಲಿ ಎಚ್ ಅಂತ, ಎಲ್ ಅಂತ ಗುರುತು. ಅದನ್ನು ಹಿಡಿದುಕೊಂಡು ಒಬ್ಬರು ‘ಇದ್ರಲ್ಲಿ ನಂಗೆ ಶುಗರ್ ಐತಾ ಇಲ್ವಾ, ಅದೊಂದು ಹೇಳ್ಬುಡವ್ವ’ ಅಂದರು. ಹೇಳುವಂತಿರಲಿಲ್ಲ. ರಿಸಲ್ಟ್ ವಿವರಿಸುವುದು ಡಾಕ್ಟರ ಕೆಲಸ, ನೀವು ಬಾಯಿ ಬಿಡಬೇಡಿ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಡಾಕ್ಟರು ಆ ಊರಿಗೆ ಬರಲೇ ಇಲ್ಲ. ಮುಂದಿನ ಸುತ್ತಿಗೆ ಅದೇ ಮನೆಗೆ ಹೋದಾಗ ಮೊಮ್ಮಗ ಬಾಗಿಲಿಗೆ ಬಂದ. ಒಳಗಿಂದ ಅವರದೇ ದನಿ: ‘ಅಜ್ಜಿ ಇಲ್ಲ ಅಂತ ಹೇಳ್ಳಾ.’ ಹುಡುಗ ನನ್ನ ಮುಖ ನೋಡಿ ‘ಅಜ್ಜಿ ಇಲ್ಲ ಅಂತ ಹೇಳು ಅಂತು’ ಅಂದ. ನಾನು ಫಾರ್ಮ್‌ನಲ್ಲಿ ‘ಒಪ್ಪಲಿಲ್ಲ’ ಅಂತ ಬರೆದೆ. ಇನ್ನೇನು ಬರೆಯಲಿ? ‘ನಾವು ಮಾತು ಉಳಿಸಿಕೊಳ್ಳಲಿಲ್ಲ’ ಅನ್ನುವುದಕ್ಕೆ ಕೋಡ್ ಇಲ್ಲ.

ಎಲ್ಲಕ್ಕಿಂತ ಮೊದಲು ಇದನ್ನು ಸರಿ ಮಾಡಿ. ಬಿಪಿ, ಶುಗರ್, ಹಿಮೋಗ್ಲೋಬಿನ್, ತೂಕ, ಇಷ್ಟನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದು ಕಾರ್ಡಿನ ಮೇಲೆ, ಹದಿನೈದು ದಿನದೊಳಗೆ ಮನೆಗೆ ತಲುಪಿಸಿ. ಜಾಸ್ತಿ ಬಂದಿದ್ದರೆ ಯಾವ ಪಿಎಚ್‌ಸಿಗೆ ಹೋಗಬೇಕು ಅಂತ ಬರೆಯಿರಿ, ಅಲ್ಲಿನ ಡಾಕ್ಟರಿಗೂ ಮೊದಲೇ ಒಂದು ಮಾತು ಹೇಳಿಡಿ. ಅಧ್ಯಯನದಿಂದ ಗೊತ್ತಾದ ವಿಷಯವನ್ನು ಸಮುದಾಯಕ್ಕೆ ತಿಳಿಸಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಹೇಳುತ್ತದೆ. ಇದು ಕೃಪೆಯಲ್ಲ, ಕೊಡಬೇಕಾದ ಬಾಕಿ.

ಹಣದ ವಿಷಯಕ್ಕೆ ಬರುತ್ತೇನೆ. ಇದನ್ನು ಮಾತಾಡಲು ನಿಮ್ಮಲ್ಲಿ ಬಹಳ ಜನಕ್ಕೆ ಮುಜುಗರ. ಪ್ರಶ್ನಾವಳಿಗೆ ಉತ್ತರ ಹೆಚ್ಚಿಸುವುದು ಹೇಗೆ ಅಂತ ಜಗತ್ತಿನಾದ್ಯಂತ ನಡೆದ ಪ್ರಯೋಗಗಳನ್ನು ಕೊಕ್ರೇನ್ ಸಂಸ್ಥೆಯ ಒಂದು ಪರಿಶೀಲನೆ 2009ರಲ್ಲಿ ಒಟ್ಟುಗೂಡಿಸಿತು. ಅಂಚೆಯಲ್ಲಿ ಕಳಿಸುವ ಫಾರ್ಮ್‌ಗಳ ಮೇಲೆಯೇ 481 ಪ್ರಯೋಗ. ಹಣ ಕೊಟ್ಟರೆ ಉತ್ತರ ಜಾಸ್ತಿ ಬರುತ್ತದೆ ಅಂತ ಅದು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ‘ಉತ್ತರ ಕೊಟ್ಟರೆ ಕೊಡುತ್ತೇವೆ’ ಅನ್ನುವುದಕ್ಕಿಂತ ಮೊದಲೇ ಕೊಟ್ಟುಬಿಟ್ಟರೆ ಇನ್ನೂ ಜಾಸ್ತಿ ಬರುತ್ತದೆ ಅನ್ನುವುದು ನೋಡುವಂಥದ್ದು. ಚಿಕ್ಕ ಫಾರ್ಮ್, ಮೊದಲೇ ಒಂದು ಸೂಚನೆ, ಆಮೇಲೆ ಒಂದು ನೆನಪೋಲೆ, ಇವೆಲ್ಲವೂ ಕೆಲಸ ಮಾಡುತ್ತವೆ ಅಂತಲೂ ಗೊತ್ತಾಯಿತು. ನಮ್ಮಲ್ಲಿ ಅಂಚೆಯ ಫಾರ್ಮ್ ಇಲ್ಲ, ಆದರೆ ಮನುಷ್ಯರ ಮನಸ್ಸು ಅದೇ ಅಲ್ವಾ?

ನಮ್ಮ ಬಜೆಟ್‌ನಲ್ಲಿ ‘ಪ್ರಯಾಣ ವೆಚ್ಚ’ ಅಂತ ಒಂದು ಸಾಲು ಇರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಬಸ್ ಟಿಕೆಟ್ ತೋರಿಸಿ ಹಣ ತಗೊಳ್ಳಿ ಅಂದರೆ ಅವರು ಸೊನ್ನೆ ಟಿಕೆಟ್ ತೋರಿಸುತ್ತಾರೆ. ಅವರು ಕಳೆದುಕೊಳ್ಳುವುದು ಬಸ್ಸಿನ ದುಡ್ಡಲ್ಲ, ಆ ದಿನದ ಕೂಲಿ. ನರೇಗಾ ಕೂಲಿಯೇ 2025–26ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ನಾಟಿ ಕಾಲದಲ್ಲಿ ಹೊರಗೆ ಇನ್ನೂ ಜಾಸ್ತಿ ಸಿಗುತ್ತದೆ. ಅರ್ಧ ದಿನ ಕೂರಿಸಿಕೊಂಡರೆ ಅರ್ಧ ದಿನದ ಕೂಲಿ ಕೊಡಿ, ಬಂದ ಕೂಡಲೇ ಕೈಗೆ ಕೊಡಿ. ಎಥಿಕ್ಸ್ ಕಮಿಟಿಯವರೇ, ಹಣದ ಆಸೆ ತೋರಿಸಿ ಜನರನ್ನು ಸೆಳೆಯಬಾರದು ಅನ್ನುವ ನಿಮ್ಮ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಔಷಧಿ ಪ್ರಯೋಗದಲ್ಲಿ ಅದು ಬಹಳ ಮುಖ್ಯ. ಆದರೆ ಬಿಪಿ ನೋಡಿ, ನಾಲ್ಕು ಪ್ರಶ್ನೆ ಕೇಳುವ ಅಧ್ಯಯನದಲ್ಲಿ ಕಳೆದುಹೋದ ಕೂಲಿಯನ್ನು ಕಟ್ಟಿಕೊಡುವುದು ಆಸೆ ತೋರಿಸಿದಂತೆ ಹೇಗಾಗುತ್ತದೆ? ಹೊತ್ತು ಮತ್ತು ಅನಾನುಕೂಲಕ್ಕೆ ಹಣ ಕೊಡಬಹುದು ಅಂತ ಅದೇ ಐಸಿಎಂಆರ್ ಮಾರ್ಗಸೂಚಿಯಲ್ಲಿದೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ರಕ್ತ ತೆಗೆದ ತಕ್ಷಣ ಬಿಸಿ ಇಡ್ಲಿ ಕೊಡುವುದಕ್ಕಂತೂ ಯಾರ ಅಪ್ಪಣೆಯೂ ಬೇಡ. ಅಧ್ಯಯನದ ಹೆಸರು ಅಚ್ಚು ಹಾಕಿದ ಟೀ ಮಗ್ ಮಾತ್ರ ದಯವಿಟ್ಟು ಬೇಡ. ಅದರಲ್ಲಿ ಯಾರೂ ಟೀ ಕುಡಿಯುವುದಿಲ್ಲ, ಟೂತ್‌ಬ್ರಷ್ ಇಡುತ್ತಾರೆ. ಮುಚ್ಚಳ ಇರುವ ಸ್ಟೀಲ್ ಡಬ್ಬಿ ಕೊಡಿ, ವರ್ಷಗಟ್ಟಲೆ ಅಡುಗೆಮನೆಯಲ್ಲಿ ಇರುತ್ತದೆ.

ಫೋನಿನಲ್ಲಿ ಮುಗಿಸಿಬಿಡಬಹುದು, ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಬಹುದು ಅನ್ನುವ ಯೋಚನೆ ಈಗ ಜೋರಾಗಿದೆ. ಪಟ್ಟಣದ ಓದಿದ ಹುಡುಗರ ಮಟ್ಟಿಗೆ ಸರಿ. ಉಳಿದವರಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲದ ನಂಬರಿನ ಕರೆ ಯಾರೂ ಎತ್ತುವುದಿಲ್ಲ. ಮದುವೆ ಕಾರ್ಡು ಅಂತ ಬಂದ ಫೈಲ್ ಒತ್ತಿ ಬ್ಯಾಂಕಿನ ದುಡ್ಡು ಹೋದ ಕಥೆ ಊರೂರಲ್ಲಿ ಇದೆ, ಲಿಂಕ್ ಒತ್ತಬೇಡಿ ಅಂತ ಪೊಲೀಸರೇ ಹೇಳುತ್ತಿದ್ದಾರೆ. ನಾವು ಒತ್ತಿ ಅನ್ನುತ್ತಿದ್ದೇವೆ. ಇನ್ನು ನಂಬರಂತೂ ನಿಲ್ಲುವುದೇ ಇಲ್ಲ. ರೀಚಾರ್ಜ್ ದುಬಾರಿಯಾದ ಮೇಲೆ ಎರಡನೇ ಸಿಮ್ ಬಿಟ್ಟವರು ಎಷ್ಟೋ ಜನ. ಹೆಂಗಸರು ಕೊಟ್ಟ ನಂಬರು ಅರ್ಧಕ್ಕರ್ಧ ಮಗನದ್ದೋ ಗಂಡನದ್ದೋ ಆಗಿರುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲೇ ಎರಡು ಮೂರು ಹೆಸರು ಬರೆದುಕೊಳ್ಳಬೇಕು: ಪಕ್ಕದ ಮನೆ, ತವರಿನವರು, ಊರ ಅಂಗಡಿ ಅಥವಾ ಡೇರಿ ಕಾರ್ಯದರ್ಶಿ. ಉತ್ತರ ಕೊಡುವವರ ಒಪ್ಪಿಗೆ ಕೇಳಿಕೊಂಡೇ ಬರೆಯಬೇಕು, ಅಧ್ಯಯನ ಯಾವುದರ ಬಗ್ಗೆ ಅಂತ ಆ ಹೆಸರಿನವರ ಹತ್ತಿರ ಹೇಳಬಾರದು.

ತವರಿನ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ಇಪ್ಪತ್ತು ದಾಟಿದ ಹೆಣ್ಣುಮಕ್ಕಳನ್ನು ಹುಡುಕುವುದು ನಮ್ಮ ಕೆಲಸದಲ್ಲಿ ತುಂಬಾ ಕಷ್ಟದ್ದು. ಮದುವೆಯಾಗಿ ಹೋಗುತ್ತಾರೆ, ಇನಿಷಿಯಲ್ ಬದಲಾಗುತ್ತದೆ, ಆಧಾರ್‌ನಲ್ಲಿ ವಿಳಾಸ ಬದಲಾಗುತ್ತದೆ, ಗಂಡನ ಮನೆಗೆ ಹೋಗಿ ‘ಇವರು ಹುಟ್ಟಿದಾಗಿಂದ ನಮ್ಮ ಅಧ್ಯಯನದಲ್ಲಿದ್ದಾರೆ’ ಅಂದರೆ ಅತ್ತೆ ಮನೆಯವರಿಗೆ ಇಲ್ಲದ ಅನುಮಾನ ಬರುತ್ತದೆ. ಹುಡುಗಿಗೆ ಏನೋ ಕಾಯಿಲೆ ಇತ್ತಂತೆ ಅಂತ ಸುದ್ದಿಯಾದರೆ ಅವಳ ಗತಿ? ಆದರೆ ಅದೇ ಹುಡುಗಿ ಗೌರಿ ಹಬ್ಬಕ್ಕೆ ತವರಿಗೆ ಬರುತ್ತಾಳೆ. ಊರ ಹಬ್ಬಕ್ಕೆ ಬರುತ್ತಾಳೆ. ಬಾಣಂತನಕ್ಕೆ ಬಂದರೆ ಮೂರು ತಿಂಗಳಾದರೂ ಇರುತ್ತಾಳೆ. ನಿಮ್ಮ ಕ್ಯಾಲೆಂಡರ್‌ನಲ್ಲಿ ಆ ದಿನಗಳು ರಜೆ. ನಮಗೆ ಅವೇ ಸುಗ್ಗಿ. ಫೀಲ್ಡ್‌ನವರು ಹಬ್ಬದ ವಾರ ಕೆಲಸ ಮಾಡಿ ಬೇರೆ ವಾರ ರಜೆ ತಗೊಳ್ಳುವ ವ್ಯವಸ್ಥೆ ಮಾಡಿದರೆ ಸಾಕು. ಗಂಡಸರದ್ದೂ ಹಾಗೇ. ಹತ್ತರಿಂದ ಐದರವರೆಗೆ ಹೋದರೆ ಅವರು ಎಲ್ಲಿ ಸಿಗುತ್ತಾರೆ? ಭಾನುವಾರ ಬೆಳಿಗ್ಗೆ ಕಟಿಂಗ್ ಶಾಪ್ ಹತ್ತಿರ ಕೂತರೆ ಅರ್ಧ ಊರು ಸಿಗುತ್ತದೆ.

ಇಷ್ಟೆಲ್ಲ ಗೊತ್ತಿರುವುದು ಯಾರಿಗೆ? ಆ ಊರಿಗೆ ಹತ್ತು ಸಲ ಹೋದವರಿಗೆ. ಈಗ ಅವರ ಸಂಬಳದ ವಿಷಯ.

ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿನವರೆಗೂ ಹಿಂಬಾಲಿಸುತ್ತಿದ್ದಾರೆ. ಅವರಿಗೆ 45 ವರ್ಷ ಆದಾಗ ಬದುಕಿದ್ದವರು 997. ಅದರಲ್ಲಿ 938 ಜನ ಮತ್ತೆ ಬಂದು ಪರೀಕ್ಷೆ ಮಾಡಿಸಿಕೊಂಡರು, ನೂರಕ್ಕೆ 94. ಬೇರೆ ದೇಶದಲ್ಲಿ ಇರುವವರಿಗೆ ವಿಮಾನದ ಟಿಕೆಟ್ ಕೊಟ್ಟು ಕರೆಸುತ್ತಾರೆ, ಹೇಳಿದ ಗುಟ್ಟು ಹೊರಗೆ ಹೋಗುವುದಿಲ್ಲ ಅನ್ನುವ ಭರವಸೆಯನ್ನು ಕಟ್ಟುನಿಟ್ಟಾಗಿ ಕಾಪಾಡಿದ್ದಾರೆ. ನನಗೆ ಇಷ್ಟವಾದ ಸಂಗತಿ ಬೇರೆ. 2000ದಿಂದ ಅದನ್ನು ನಡೆಸಿದ ರಿಚೀ ಪೌಲ್ಟನ್ 1980ರ ದಶಕದಲ್ಲಿ ಅದೇ ಅಧ್ಯಯನದಲ್ಲಿ ಪ್ರಶ್ನೆ ಕೇಳುವ ಸಂದರ್ಶಕರಾಗಿ ಸೇರಿದವರು. ನಮ್ಮ ಕೆಲಸದಿಂದ ಶುರು ಮಾಡಿ ಮುಖ್ಯಸ್ಥರ ಕುರ್ಚಿವರೆಗೆ! ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದು ವಾರದಲ್ಲಿ ಹುಟ್ಟಿದ 5,362 ಮಕ್ಕಳ ಅಧ್ಯಯನ ಇದೆ. ಅವರಿಗೆ ಪ್ರತಿ ವರ್ಷ ಹುಟ್ಟುಹಬ್ಬದ ಕಾರ್ಡ್ ಹೋಗುತ್ತದೆ. ಖರ್ಚು ಎಷ್ಟು ಅದಕ್ಕೆ?

ನಮ್ಮಲ್ಲಿ ಫೀಲ್ಡ್‌ನವರದ್ದು ಹನ್ನೊಂದು ತಿಂಗಳ ಕಾಂಟ್ರಾಕ್ಟ್. ಗ್ರಾಂಟ್ ಬರುವುದು ತಡವಾದರೆ ನಡುವೆ ಮೂರು ನಾಲ್ಕು ತಿಂಗಳು ಸಂಬಳ ಇಲ್ಲ. ಆ ಹೊತ್ತಿಗೆ ಒಬ್ಬಳು ಖಾಸಗಿ ಲ್ಯಾಬ್ ಸೇರಿರುತ್ತಾಳೆ, ಒಬ್ಬ ಫುಡ್ ಡೆಲಿವರಿಗೆ ಹೋಗಿರುತ್ತಾನೆ. ಹೊಸ ಸುತ್ತಿಗೆ ಹೊಸ ಮುಖಗಳು. ಯಾವ ಮನೆಯ ನಾಯಿ ಕಚ್ಚುತ್ತದೆ ಅನ್ನುವುದರಿಂದ ಹಿಡಿದು ಯಾರ ಮನೆಯಲ್ಲಿ ಸಾವಾಗಿದೆ, ಯಾರ ಹತ್ತಿರ ಆ ಪ್ರಶ್ನೆ ಕೇಳಬಾರದು ಅನ್ನುವವರೆಗೆ ಎಲ್ಲವೂ ಹಳಬರ ತಲೆಯಲ್ಲೇ ಹೊರಟುಹೋಗುತ್ತದೆ. ಒಂದು ಸ್ಕ್ಯಾನಿಂಗ್ ಮೆಷಿನ್‌ಗೆ ಕೋಟಿಗಟ್ಟಲೆ ಹಾಕುತ್ತೀರಿ, ಅದರ ವಾರ್ಷಿಕ ನಿರ್ವಹಣೆಗೂ ಬೇರೆ ಹಣ ಇಡುತ್ತೀರಿ. ಆ ಮೆಷಿನ್‌ನೊಳಗೆ ಮಲಗಬೇಕಾದವರನ್ನು ಕರೆತರುವವರಿಗೆ ಪಿಎಫ್ ಇಲ್ಲ. ಆಶಾ ಕಾರ್ಯಕರ್ತೆಯರನ್ನು ಬಳಸಿಕೊಳ್ಳೋಣ ಅನ್ನುವವರಿಗೆ ಒಂದೇ ಮಾತು: ಅವರ ಮೇಲೆ ಈಗಾಗಲೇ ಎಷ್ಟು ಹೇರಿದೆ ಅಂತ ಅವರ ಧರಣಿಗೆ ಹೋಗಿ ಕೇಳಿ.

ಹಣ ಕೊಡುವ ಸಂಸ್ಥೆಗಳಿಗೆ ನನ್ನ ಬೇಡಿಕೆ ಇದು. ದೀರ್ಘಾವಧಿ ಅಧ್ಯಯನದ ಅರ್ಜಿ ನಮೂನೆಯಲ್ಲಿ ಫೀಲ್ಡ್ ಸಿಬ್ಬಂದಿಗೆ ಅಧ್ಯಯನ ಇರುವವರೆಗೂ ಕೆಲಸ ಅಂತ ಷರತ್ತು ಹಾಕಿ, ಎರಡು ಸುತ್ತುಗಳ ನಡುವಿನ ಸಂಬಳಕ್ಕೂ ಹಣ ಇಡಿ. ಸುತ್ತು ಇಲ್ಲದ ತಿಂಗಳುಗಳಲ್ಲಿ ನಾವು ಸುಮ್ನೆ ಕೂರುವುದಿಲ್ಲ. ರಿಪೋರ್ಟ್ ಕಾರ್ಡ್ ತಲುಪಿಸುತ್ತೇವೆ, ಬದಲಾದ ನಂಬರು ಬರೆದುಕೊಳ್ಳುತ್ತೇವೆ, ಯಾರು ಊರು ಬಿಟ್ಟರು ಅಂತ ನೋಡಿಕೊಳ್ಳುತ್ತೇವೆ. ಸಂಶೋಧನಾ ವರದಿಯಲ್ಲಿ ಎಷ್ಟು ಜನ ಸಿಕ್ಕರು ಅನ್ನುವುದರ ಜೊತೆ, ಎರಡು ಸುತ್ತಿನಲ್ಲೂ ಇದ್ದ ಫೀಲ್ಡ್‌ನವರು ಎಷ್ಟು ಜನ ಅಂತಲೂ ಬರೆಯುವಂತೆ ಹೇಳಿ. ಎರಡೂ ಅಂಕಿ ಅಕ್ಕಪಕ್ಕ ಇರಲಿ.

ಎಥಿಕ್ಸ್ ಕಮಿಟಿಗಳಿಗೆ: ಒಪ್ಪಿಗೆ ಪತ್ರದ ಪುಟ ಎಣಿಸುವ ಹಾಗೆಯೇ ‘ಹೋದ ಸುತ್ತಿನ ರಿಪೋರ್ಟ್ ಎಷ್ಟು ಮನೆಗೆ ತಲುಪಿತು, ಯಾವ ದಿನ’ ಅಂತ ಕೇಳಿ. ಲೆಕ್ಕ ಕೊಡದಿದ್ದರೆ ಮುಂದಿನ ಸುತ್ತಿಗೆ ಒಪ್ಪಿಗೆ ಕೊಡಬೇಡಿ.

ಫಾರ್ಮ್ ಬರೆಯುವ ಡಾಕ್ಟರುಗಳಿಗೆ, ಪ್ರೊಫೆಸರುಗಳಿಗೆ: ಮುಂದಿನ ಸುತ್ತಿನ ಫಾರ್ಮ್ ಟ್ಯಾಬ್‌ಗೆ ಹೋಗುವ ಮೊದಲು ನಮ್ಮ ಜೊತೆ ಒಂದು ಊರಿಗೆ ಬನ್ನಿ. ಒಂದು ಮನೆಯಲ್ಲಿ ಕೂತು ಅಷ್ಟೂ ಪ್ರಶ್ನೆಯನ್ನು ನೀವೇ ಕೇಳಿ, ನಾವು ಬರೆದುಕೊಳ್ಳುತ್ತೇವೆ. ಮಧ್ಯಾಹ್ನ ಎರಡಕ್ಕೆ ಬಂದರೆ ಒಳ್ಳೆಯದು, ನಾಲ್ಕೂವರೆಗೆ ಅವರು ಡೇರಿಗೆ ಹೊರಡುತ್ತಾರೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಫೀಲ್ಡ್ ಇನ್ವೆಸ್ಟಿಗೇಟರ್
ಮಂಡ್ಯ ಜಿಲ್ಲೆ